ಬೀಟೆ ಹಲಗೆಯ ಮೇಲೆ ಆರು ತಂತಿ

(ಸಿಡ್ನಿಯ ರೌಸ್ ಹಿಲ್‌ನಲ್ಲಿ ಸೇರಿದ್ದ ಕನ್ನಡ ಓದುಗರ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ. ಮೆಲ್ಬರ್ನಿನ ಕೆಲವು ಗೆಳೆಯರು ಪರದೆಯ ಮೂಲಕ ಭಾಗವಹಿಸಿದ್ದರು.)



ನಾವು ಕುಳಿತಿರುವ ನೆಲ ಡಾರುಗ್ ಜನರದು. ಈ ಮಾತನ್ನು ಪ್ರತಿ ಸಭೆಯ ಆರಂಭದಲ್ಲೂ ಹೇಳುತ್ತೇವೆ. ಹೇಳಿ ಹೇಳಿ ಅದು ಗಣಪತಿ ಸ್ತುತಿಯಂತೆ ಅಭ್ಯಾಸಬಲದ ಮಾತಾಗಿಬಿಡುವ ಅಪಾಯವೂ ಇದೆ. ಇದೇ ಆಸುಪಾಸಿನಲ್ಲಿ 1804ರ ಮಾರ್ಚ್ 5ರಂದು ಕ್ಯಾಸಲ್ ಹಿಲ್‌ನ ಸರ್ಕಾರಿ ಹೊಲದಿಂದ ತಪ್ಪಿಸಿಕೊಂಡು ಬಂದ ಐರಿಷ್ ಕೈದಿಗಳು ಸೈನ್ಯಕ್ಕೆ ಎದುರಾಗಿ ಸೋತರು. ಅಂಥ ಜಾಗದಲ್ಲಿ ನಿಂತು ನಾನು ಗಿಟಾರ್ ರಿಪೇರಿಯ ಬಗ್ಗೆ ಮಾತಾಡುತ್ತೇನೆ ಎಂದಾಗ ಒಬ್ಬ ಹಿರಿಯರು ಫೋನು ಮಾಡಿ, 'ಏನಯ್ಯಾ, ದೇಶದಲ್ಲಿ ಇಷ್ಟೆಲ್ಲ ನಡೆಯುತ್ತಿರುವಾಗ ನಿನಗೆ ಗಿಟಾರ್ ಸಿಕ್ಕಿತೆ?' ಎಂದು ಕೇಳಿದರು. ಅವರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಅವರ ಪ್ರಶ್ನೆ ನ್ಯಾಯವಾದದ್ದು. ಉತ್ತರಕ್ಕೆ ಈ ಮೇಜಿನ ಮೇಲಿರುವ ವಸ್ತುವನ್ನೇ ಮುಂದಿಡುತ್ತೇನೆ.

ಈ ಗಿಟಾರ್ ನನಗೆ ಸಿಕ್ಕಿದ್ದು ರಸ್ತೆಯ ಅಂಚಿನಲ್ಲಿ. ಕೌನ್ಸಿಲಿನವರು ದೊಡ್ಡ ಕಸ ಎತ್ತುವ ವಾರದಲ್ಲಿ ನಮ್ಮ ಬಡಾವಣೆಯ ಹುಲ್ಲಂಚುಗಳ ಮೇಲೆ ಹಾಸಿಗೆ, ಟೀವಿ, ಮಕ್ಕಳ ಸೈಕಲ್ಲುಗಳ ಜೊತೆಗೆ ಒಂದೆರಡಾದರೂ ಗಿಟಾರ್ ಕಾಣದೆ ಇರುವುದಿಲ್ಲ. ಇದರ ಒಂದು ತಂತಿ ಹರಿದಿತ್ತು, ಉಳಿದ ಐದು ತುಕ್ಕು ಹಿಡಿದಿದ್ದವು. ಕತ್ತು ಬಾಗಿತ್ತು. ಬ್ರಿಡ್ಜು ಹಿಂಬದಿಯಿಂದ ಎದ್ದು ಬಾಯಿ ಬಿಟ್ಟಿತ್ತು. ಇದನ್ನು ಅಂಗಡಿಗೆ ಒಯ್ದರೆ ರಿಪೇರಿಯ ಕೂಲಿ ಹೊಸ ಗಿಟಾರಿನ ಬೆಲೆಯನ್ನು ಮೀರುತ್ತದೆ. ಮಾಲೀಕರು ಮಾಡಿದ ಲೆಕ್ಕ ತಪ್ಪಲ್ಲ. ಆದರೆ ಎಲ್ಲರೂ ಸರಿಯಾದ ಲೆಕ್ಕ ಮಾಡಿಯೂ ಕೊನೆಗೆ ಒಂದು ಮರ ಕಸದ ಲಾರಿಗೆ ಹೋಗುತ್ತದೆ ಎಂದರೆ ಆ ಲೆಕ್ಕದ ಪುಸ್ತಕದಲ್ಲೇ ಏನೋ ಬಿಟ್ಟುಹೋಗಿದೆ. ಇಲ್ಲಿನ ಉತ್ಪಾದಕತಾ ಆಯೋಗ 2021ರಲ್ಲಿ 'ರಿಪೇರಿಯ ಹಕ್ಕು' ಕುರಿತು ದೊಡ್ಡ ವರದಿಯನ್ನೇ ಕೊಟ್ಟಿದೆ. ಅದರ ಚಿಂತೆ ಹೆಚ್ಚಾಗಿ ಫೋನು, ಟ್ರ್ಯಾಕ್ಟರುಗಳದು, ಅಂದರೆ ತಯಾರಕರು ಬೀಗ ಹಾಕಿಟ್ಟ ಯಂತ್ರಗಳದು. ಗಿಟಾರಿಗೆ ಯಾರೂ ಬೀಗ ಹಾಕಿಲ್ಲ. ಒಂದು ಆಲನ್ ಕೀ, ಒಂದು ಉಕ್ಕಿನ ಅಳತೆಪಟ್ಟಿ, ಒಂದು ಸ್ಕ್ರೂಡ್ರೈವರ್ ಇದ್ದರೆ ಮುಕ್ಕಾಲು ಪಾಲು ಕೆಲಸ ಮನೆಯಲ್ಲೇ ಆಗುತ್ತದೆ. ಇಲ್ಲಿ ನಾವು ಕಳೆದುಕೊಂಡಿರುವುದು ಅಭ್ಯಾಸವನ್ನು, ಹಕ್ಕನ್ನಲ್ಲ.

ಮೊದಲು ಹೆಸರುಗಳು. ಗಿಟಾರಿನ ಭಾಗಗಳಿಗೆ ಕನ್ನಡದಲ್ಲಿ ಪದಗಳಿಲ್ಲ ಎಂದು ನಮ್ಮ ಮಕ್ಕಳು ತಿಳಿದಿದ್ದಾರೆ. ವೀಣೆ ಇರುವ ಮನೆಯಲ್ಲಿ ಇವೆಲ್ಲ ಇದ್ದವು. ತಂತಿ ಸುತ್ತುವ ಕೀಲಿ ಬಿರಡೆ, ಕತ್ತು ದಂಡಿ, ಬ್ರಿಡ್ಜು ಕುದುರೆ, ಫ್ರೆಟ್ಟು ಮೆಟ್ಟಿಲು. ತಂತಿಗಳನ್ನು ಹೊತ್ತು ನಿಲ್ಲುವ ಆ ಸಣ್ಣ ತುಂಡಿಗೆ ಕುದುರೆ ಎಂದ ಕುಶಲಕರ್ಮಿ ಯಾರೋ ತಿಳಿಯದು. ಅವನಿಗೆ ಭಾರ ಹೊರುವವರ ಕಷ್ಟ ಗೊತ್ತಿತ್ತು. ಉಕ್ಕಿನ ತಂತಿಯ ಗಿಟಾರಿನಲ್ಲಿ ಆರು ತಂತಿಗಳ ಒಟ್ಟು ಎಳೆತ ಸುಮಾರು 70ರಿಂದ 75 ಕಿಲೋ. ದೊಡ್ಡವನೊಬ್ಬ ಹಗಲೂ ರಾತ್ರಿ ಈ ಕುದುರೆಯನ್ನು ಹಿಡಿದು ಜೋತುಬಿದ್ದಂತೆ. ಎರಡು ಮೂರು ಮಿಲಿಮೀಟರ್ ದಪ್ಪದ ಮೇಲ್ಹಲಗೆ ಅದನ್ನು ತಡೆದುಕೊಳ್ಳಬೇಕು. ನೈಲಾನ್ ತಂತಿಯ ಗಿಟಾರಿನಲ್ಲಿ ಈ ಎಳೆತ ಹೆಚ್ಚುಕಡಿಮೆ ಅರ್ಧ. ಆದ್ದರಿಂದ ನೈಲಾನ್ ಗಿಟಾರಿಗೆ ಉಕ್ಕಿನ ತಂತಿ ಹಾಕಬೇಡಿ. ಊರಿನಲ್ಲಿ ಕಾಲೇಜು ಹುಡುಗರಾಗಿದ್ದಾಗ 'ಸದ್ದು ಜೋರಾಗಲಿ' ಎಂದು ನಾವು ಮಾಡಿದ ಕೆಲಸವೇ ಅದು. ಮಳೆಗಾಲ ಕಳೆಯುವುದರೊಳಗೆ ಕುದುರೆ ಕಿತ್ತು ಬಂದಿತ್ತು.

ಈಗ ರೋಗಪರೀಕ್ಷೆ. ಮೊದಲ ಮೆಟ್ಟಿಲಿನಲ್ಲೊಂದು ಬೆರಳು, ದಂಡಿಯು ಒಡಲನ್ನು ಸೇರುವಲ್ಲಿನ ಮೆಟ್ಟಿಲಿನಲ್ಲೊಂದು ಬೆರಳು ಇಟ್ಟು ದಪ್ಪ ತಂತಿಯನ್ನು ಒತ್ತಿ ಹಿಡಿಯಿರಿ. ಬಿಗಿದ ತಂತಿಯೇ ಈಗ ನಿಮ್ಮ ಅಳತೆಗೋಲು. ನಡುವೆ, ಏಳನೆಯ ಮೆಟ್ಟಿಲಿನ ಬಳಿ ತಂತಿಗೂ ಲೋಹಕ್ಕೂ ಎಷ್ಟು ಸಂದು ಇದೆ ನೋಡಿ. ಒಂದು ವಿಸಿಟಿಂಗ್ ಕಾರ್ಡು ಸವರಿಕೊಂಡು ಹೋಗುವಷ್ಟು, ಅಂದರೆ 0.2ರಿಂದ 0.3 ಮಿಲಿಮೀಟರ್ ಇದ್ದರೆ ಆರೋಗ್ಯ ಸರಿಯಾಗಿದೆ. ಅಲುಗುವ ತಂತಿಗೆ ನಡುವೆ ತುಸು ಜಾಗ ಬೇಕು. ದಂಡಿ ಪೂರ್ತಿ ನೇರವಾದರೆ ತಂತಿ ಮೆಟ್ಟಿಲಿಗೆ ತಾಗಿ ಗರಗರ ಎನ್ನುತ್ತದೆ. ಈ ಗಿಟಾರಿನಲ್ಲಿ ಒಂದಲ್ಲ, ಐದು ಕಾರ್ಡು ಹಿಡಿಸುತ್ತಿದ್ದವು.

ದಂಡಿಯೊಳಗೆ ಒಂದು ಉಕ್ಕಿನ ಸರಳಿದೆ. ಅದೇ ಟ್ರಸ್ ರಾಡ್. ಅದರ ಮೂತಿಯಲ್ಲಿರುವ ನಟ್ಟನ್ನು ಗಡಿಯಾರದ ದಿಕ್ಕಿನಲ್ಲಿ ತಿರುಗಿಸಿದರೆ ಬಾಗು ಕಡಿಮೆಯಾಗುತ್ತದೆ, ವಿರುದ್ಧ ದಿಕ್ಕಿನಲ್ಲಿ ತಿರುಗಿಸಿದರೆ ಹೆಚ್ಚುತ್ತದೆ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಒಂದು ದಿನ ಬಿಟ್ಟು ನೋಡಿ. ಮರ ನಿಧಾನವಾಗಿ ಯೋಚಿಸುತ್ತದೆ. ಮೊದಮೊದಲು ನನಗೆ ಈ ತಾಳ್ಮೆ ಇರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಒಂದೇ ಏಟಿಗೆ ಮುಗಿಸಲು ಹೋಗಿ ಸ್ನೇಹಿತನ ಗಿಟಾರಿನ ಸರಳಿನ ಎಳೆಯನ್ನೇ ಹಾಳು ಮಾಡಿದೆ. ಅವನು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಕಷ್ಟವಾಯಿತು. ಬಿಗಿಯುವಾಗ ಕೈಗೆ ಗಟ್ಟಿ ತಡೆ ಸಿಕ್ಕರೆ ಅಲ್ಲಿಗೆ ನಿಲ್ಲಿಸಿ. ಮುಂದಿನದು ಬಲ್ಲವರ ಕೆಲಸ.

ಆಮೇಲೆ ತಂತಿಯ ಎತ್ತರ. ಹನ್ನೆರಡನೆಯ ಮೆಟ್ಟಿಲಿನ ಮೇಲೆ ಅಳತೆಪಟ್ಟಿ ಇಟ್ಟರೆ ದಪ್ಪ ತಂತಿಗೆ ಸುಮಾರು 2.5 ಮಿಲಿಮೀಟರ್, ತೆಳು ತಂತಿಗೆ 2 ಮಿಲಿಮೀಟರ್ ಇದ್ದರೆ ಕಲಿಯುವ ಮಗುವಿನ ಬೆರಳು ಬದುಕುತ್ತದೆ. ಅಂಗಡಿಯಿಂದ ಬರುವ ಅಗ್ಗದ ಗಿಟಾರುಗಳಲ್ಲಿ ಇದು ಎಷ್ಟೋ ಸಲ 4 ಮಿಲಿಮೀಟರ್ ಇರುತ್ತದೆ. ಮಗು ಮೂರು ವಾರ ಒತ್ತಿ, ಬೆರಳು ನೋಯಿಸಿಕೊಂಡು, ಕೈಬಿಡುತ್ತದೆ. ತಂದೆತಾಯಿ 'ನಮ್ಮವನಿಗೆ ಸಂಗೀತ ಹತ್ತಲಿಲ್ಲ' ಎನ್ನುತ್ತಾರೆ. ಎರಡು ಮಿಲಿಮೀಟರ್ ಮೂಳೆಯ ತಪ್ಪನ್ನು ಮಗುವಿನ ಪ್ರತಿಭೆಯ ಮೇಲೆ ಹೊರಿಸಿದಂತಾಯಿತು. ಕುದುರೆಯ ಮೇಲಿನ ಬಿಳಿ ಪಟ್ಟಿಯನ್ನು ಹೊರತೆಗೆದು ಅದರ ತಳವನ್ನು ಸಮತಟ್ಟಾದ ಗಾಜಿನ ಮೇಲಿಟ್ಟ ಉಜ್ಜುಕಾಗದದಲ್ಲಿ ಉಜ್ಜಿದರೆ ಸಾಕು. ಇಲ್ಲೊಂದು ಗಣಿತ: ಹನ್ನೆರಡನೆಯ ಮೆಟ್ಟಿಲು ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ 1 ಮಿಲಿಮೀಟರ್ ಇಳಿಸಬೇಕಾದರೆ ಇಲ್ಲಿ 2 ಮಿಲಿಮೀಟರ್ ಸವೆಸಬೇಕು. ಸವೆಸಿದ್ದನ್ನು ಮರಳಿ ಬೆಳೆಸಲಾಗದು. ಉಜ್ಜುವುದಕ್ಕಿಂತ ಅಳೆಯುವುದೇ ಹೆಚ್ಚಿರಲಿ.

ಆ ಪಟ್ಟಿ ಏನೆಂದು ಗಮನಿಸಿದ್ದೀರಾ? ಒಳ್ಳೆಯ ಗಿಟಾರುಗಳಲ್ಲಿ ಅದು ದನದ ಮೂಳೆ. ತಂತಿ ಮೇಲ್ತುದಿಯಲ್ಲಿ ಹಾಯುವ ನಟ್ ಕೂಡ ಮೂಳೆಯೇ. ಹಳೆಯ ವಾದ್ಯಗಳ ಕೀಲುಗಳನ್ನು ಹಿಡಿದಿಟ್ಟಿರುವುದು ಚರ್ಮ ಬೇಯಿಸಿ ಮಾಡಿದ ಅಂಟು. ಮೊಟ್ಟೆಯನ್ನೂ ಒಳಗೆ ಬಿಡದ ಮನೆಯಲ್ಲಿ ಮಗ ಅಭ್ಯಾಸ ಮಾಡುವ ಪ್ರತಿಯೊಂದು ಸ್ವರವೂ ಎರಡು ಮೂಳೆಗಳ ನಡುವೆಯೇ ಹುಟ್ಟುತ್ತಿರುತ್ತದೆ. ಹಾಸ್ಯಕ್ಕೆ ಹೇಳುತ್ತಿಲ್ಲ. ಟಿ.ಎಂ. ಕೃಷ್ಣ ಅವರು 2020ರಲ್ಲಿ ಪ್ರಕಟಿಸಿದ 'ಸೆಬಾಸ್ಟಿಯನ್ ಅಂಡ್ ಸನ್ಸ್' ಪುಸ್ತಕ ಮೃದಂಗ ಮಾಡುವವರ ಚರಿತ್ರೆ. ಹಸು, ಎಮ್ಮೆ, ಮೇಕೆಯ ಚರ್ಮವನ್ನು ಆಯ್ದು, ಹದಮಾಡಿ, ನಾದಕ್ಕೆ ತರುವವರಲ್ಲಿ ಬಹುಪಾಲು ದಲಿತರು, ಅವರಲ್ಲೂ ಅನೇಕರು ದಲಿತ ಕ್ರೈಸ್ತರು. ಆ ವಾದ್ಯ ಮಡಿಯ ವೇದಿಕೆಯೇರುತ್ತದೆ, ಮಾಡಿದವರು ಏರುವುದಿಲ್ಲ. ಪಶ್ಚಿಮದಲ್ಲಿ ಗಿಟಾರ್ ಮಾಡುವವನು ವಾದ್ಯದೊಳಗೆ ತನ್ನ ಹೆಸರಿನ ಚೀಟಿ ಅಂಟಿಸುತ್ತಾನೆ; ಆ ಹೆಸರಿಗೇ ಬೆಲೆ ಬರುತ್ತದೆ. ನಮ್ಮಲ್ಲಿ ಕೆಲವು ವೀಣೆ ತಯಾರಕರ ಮನೆತನಗಳನ್ನು ಬಿಟ್ಟರೆ ತಮಟೆ ಕಟ್ಟಿದವನ, ಮದ್ದಳೆಗೆ ಮುಚ್ಚಿಗೆ ಹಾಕಿದವನ ಹೆಸರು ಯಾರ ನೆನಪಿನಲ್ಲಿದೆ? ವಾದ್ಯವನ್ನು ಬಿಚ್ಚಿ ನೋಡುವುದರಲ್ಲಿ ಇದೂ ಸೇರಿದೆ ಎಂದು, ಫೋನು ಮಾಡಿದ ಹಿರಿಯರಿಗೆ ಹೇಳಬಯಸುತ್ತೇನೆ.

ಮೂಳೆಯಿಂದ ಮರಕ್ಕೆ ಬರೋಣ. ಬೆರಳು ಓಡಾಡುವ ಈ ಕಂದು ಹಲಗೆಯ ಮೇಲಿನ ಕೊಳೆಯನ್ನು ಒರೆಸಿ, ಒಂದು ಹನಿ ಎಣ್ಣೆ ಸವರಿದೆ. ನೋಡಿ, ನೇರಳೆ ಮಿಶ್ರಿತ ಗೆರೆಗಳು ಎದ್ದು ಬಂದವು. ಮಲೆನಾಡಿನವರು, ಕೊಡಗಿನವರು ಯಾರಾದರೂ ಇದ್ದರೆ ಮುಂದೆ ಬಂದು ಮುಟ್ಟಿ ನೋಡಿ. ಇದು ಬೀಟೆ. ಅಜ್ಜನ ಮನೆಯ ಮಂಚ, ತೊಟ್ಟಿಲು, ಬಾಗಿಲುವಾಡದ ಬೀಟೆ. ಮೈಸೂರಿನ ಕೆತ್ತನೆಯವರು ಬಿಳಿ ಚೂರುಗಳನ್ನು ಕೂಡಿಸಿ ಆನೆ, ನವಿಲು ಮಾಡುವ ಬೀಟೆ. ಸಸ್ಯಶಾಸ್ತ್ರದ ಹೆಸರು ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಗಿಟಾರಿನ ಜಗತ್ತು ಅದನ್ನು ಇಂಡಿಯನ್ ರೋಸ್‌ವುಡ್ ಎನ್ನುತ್ತದೆ. ಮೊದಲು ಗಿಟಾರ್ ತಯಾರಕರು ಬ್ರೆಜಿಲಿನ ರೋಸ್‌ವುಡ್ ಬಳಸುತ್ತಿದ್ದರು. ಅದು ಸಿಗುವುದು ಕಷ್ಟವಾದಾಗ, 1960ರ ದಶಕದ ಕೊನೆಯಲ್ಲಿ, ಅಮೆರಿಕದ ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ಹೊರಳಿತು, ಬೇರೆಯವರೂ ಹಿಂಬಾಲಿಸಿದರು. ಬ್ರೆಜಿಲಿನ ಮರದ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ನಿಷೇಧವೇ ಬಂತು. ನಿಮ್ಮ ಗಿಟಾರಿನ ಹಲಗೆ ಕೊಡಗಿನದೋ ವಯನಾಡಿನದೋ ಶಿರಸಿಯ ಕಡೆಯದೋ ಎಂದು ಹೇಳುವ ಚೀಟಿ ಒಳಗೆ ಇರುವುದಿಲ್ಲ. ಇದೇ ಮರವನ್ನು ಇಂಡೋನೇಷ್ಯಾದ ಜಾವಾದಲ್ಲಿಯೂ ಬೆಳೆಸುತ್ತಾರೆ. ಆದರೆ ಅದರ ತವರು ಭಾರತ, ಅದರಲ್ಲೂ ನಮ್ಮ ಪಶ್ಚಿಮಘಟ್ಟ.

ತವರಿನಲ್ಲಿ ಬೀಟೆಯ ಪಾಡೇನು? ಬ್ರಿಟಿಷರ ಕಾಲದಿಂದಲೂ ಬೀಟೆ, ತೇಗ, ಶ್ರೀಗಂಧದಂಥ ಮರಗಳ ಮೇಲೆ ಸರ್ಕಾರದ ಕಣ್ಣು. ಕೊಡಗಿನ ಎಷ್ಟೋ ಜಮ್ಮಾ ಬಾಣೆಗಳಲ್ಲಿ ನೆಲ ರೈತನದು, ಮೇಲಿನ ಬೀಟೆ ಸರ್ಕಾರದ್ದು. ಮರದ ಬೆಲೆ ಕಟ್ಟಿ ಬಿಡಿಸಿಕೊಂಡಿದ್ದರೆ 'ರಿಡೀಮ್ಡ್', ಇಲ್ಲವಾದರೆ 'ಅನ್‌ರಿಡೀಮ್ಡ್'. ಈ ಎರಡು ಇಂಗ್ಲಿಷ್ ಪದಗಳು ಅಲ್ಲಿನ ಪಹಣಿ ಮಾತುಕತೆಯಲ್ಲಿ ಕನ್ನಡವೇ ಆಗಿಹೋಗಿವೆ. ತನ್ನದಲ್ಲದ ಮರವನ್ನು ಯಾವ ರೈತ ನೀರೆರೆದು ಬೆಳೆಸುತ್ತಾನೆ? ತಾನಾಗಿ ಹುಟ್ಟಿದ ಬೀಟೆ ಸಸಿಯನ್ನು ಉಳಿಸಿದರೆ ನಾಳೆ ಅದರ ಕಾವಲು ತನ್ನ ತಲೆಗೆ, ಲಾಭ ಇಲಾಖೆಗೆ. ಹಾಗಾಗಿ ಕಾಫಿ ತೋಟಗಳಲ್ಲಿ ಕಾಡುಮರಗಳ ನೆರಳು ಕಡಿಮೆಯಾಗುತ್ತ, ಬೇಗ ಬೆಳೆಯುವ, ಮೆಣಸಿನ ಬಳ್ಳಿ ಹಬ್ಬಿಸಬಹುದಾದ, ಕಡಿದು ಮಾರಲು ತೊಡಕು ಕಡಿಮೆ ಇರುವ ಸಿಲ್ವರ್ ಓಕ್ ಹೆಚ್ಚುತ್ತ ಬಂತು. ರಕ್ಷಿಸಲೆಂದು ಇಟ್ಟ ಒಡೆತನವೇ ಮರಕ್ಕೆ ಶತ್ರುವಾಯಿತು. ಇದನ್ನು ಹೇಳಿದರೆ 'ಹಾಗಾದರೆ ಎಲ್ಲವನ್ನೂ ಖಾಸಗಿಗೆ ಕೊಟ್ಟುಬಿಡಬೇಕೆ' ಎಂದು ನಮ್ಮಲ್ಲೇ ಕೆಲವರು ಹುಬ್ಬೇರಿಸುತ್ತಾರೆ. ಹಾಗಲ್ಲ. ಮರವನ್ನು ಬೆಳೆಸುವವರ ಪಾಲನ್ನು ಮಾನ್ಯ ಮಾಡದ ಯಾವ ಒಡೆತನವೂ, ಸರ್ಕಾರದ್ದಾಗಲಿ ಕಂಪನಿಯದ್ದಾಗಲಿ, ಕಾಡನ್ನು ಉಳಿಸಿಲ್ಲ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ಎತ್ತಿದ್ದು ಇದೇ ಪ್ರಶ್ನೆಯನ್ನು: ಊರಿನ ನೆಲದಲ್ಲಿ ಯಾವ ಮರ ಇರಬೇಕೆಂದು ನಿರ್ಧರಿಸುವವರು ಯಾರು?

ಇನ್ನೊಂದು ವಿಷಯ ನಿಮಗೆ ಹೊಳೆದಿರಬಹುದು. ಕೊಡಗಿನ ಬೀಟೆಯ ಜಾಗಕ್ಕೆ ಬಂದ ಸಿಲ್ವರ್ ಓಕ್ ಎಲ್ಲಿಯದು? ಇಲ್ಲಿಯದು. ನ್ಯೂ ಸೌತ್ ವೇಲ್ಸಿನ ಉತ್ತರ ಕರಾವಳಿ ಮತ್ತು ಕ್ವೀನ್ಸ್‌ಲ್ಯಾಂಡಿನ ಮರ. ವಸಂತದಲ್ಲಿ ಸಿಡ್ನಿಯ ಬೀದಿಗಳಲ್ಲಿ ಕಿತ್ತಳೆ-ಹಳದಿ ಹೂ ಹೊತ್ತು ನಿಲ್ಲುವುದು ಅದೇ. ಸಾಮ್ರಾಜ್ಯದ ಹಡಗುಗಳು ಮರಗಳನ್ನೂ ಮನುಷ್ಯರನ್ನೂ ಹೀಗೆ ಅದಲುಬದಲು ಮಾಡಿದವು. ನಾವು ವೀಸಾ ಪಡೆದು ಬಂದವರು. ನನ್ನ ಕೈಯಲ್ಲಿರುವ ಬೀಟೆ ಯಾವ ವೀಸಾದಲ್ಲಿ ಬಂತು?

ಆ ಕಥೆಯೂ ಸ್ವಾರಸ್ಯಕರ. ಭಾರತದ ನಿಯಮದ ಪ್ರಕಾರ ಬೀಟೆಯ ದಿಮ್ಮಿಯನ್ನಾಗಲಿ ಒರಟಾಗಿ ಸೀಳಿದ ಹಲಗೆಯನ್ನಾಗಲಿ ಹೊರದೇಶಕ್ಕೆ ಕಳಿಸುವಂತಿಲ್ಲ. ಇಲ್ಲಿನ ಕೈಗಳು ಅದಕ್ಕೆ ಇನ್ನಷ್ಟು ರೂಪ ಕೊಟ್ಟಿರಬೇಕು. 2011ರ ಆಗಸ್ಟಿನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಂಪನಿಯ ಮೇಲೆ ದಾಳಿ ಮಾಡಿದಾಗ ಜಗಳವಿದ್ದದ್ದು ಭಾರತದಿಂದ ಬಂದ ಬೆರಳುಹಲಗೆಗಳ ತುಂಡುಗಳ ಬಗ್ಗೆ: ಕೆಲವೇ ಮಿಲಿಮೀಟರ್ ದಪ್ಪದ ವ್ಯತ್ಯಾಸದಲ್ಲಿ ಅದು ಸೀಳಿದ ಮರವೋ, ರಫ್ತಿಗೆ ಅನುಮತಿಯಿರುವ ಪದರವೋ ಎಂದು. ಅದಕ್ಕೂ ಮೊದಲು, 2009ರಲ್ಲಿ, ಮಡಗಾಸ್ಕರಿನ ಎಬೊನಿಗಾಗಿ ಇನ್ನೊಂದು ದಾಳಿ ಆಗಿತ್ತು. 2012ರಲ್ಲಿ ಕಂಪನಿ 3 ಲಕ್ಷ ಡಾಲರ್ ದಂಡ ತೆತ್ತು ರಾಜಿಯಾಯಿತು. ಭಾರತದ ಮರ ಅದಕ್ಕೆ ವಾಪಸ್ಸು ಸಿಕ್ಕಿತು. ಅಲ್ಲಿನ ಬಲಪಂಥೀಯರು ಇದನ್ನು ಸರ್ಕಾರಿ ದಬ್ಬಾಳಿಕೆ ಎಂದು ಕೂಗಾಡಿದರು. ಕೂಗಾಟದಲ್ಲಿ ಕೇಳದೇ ಹೋದ ಪ್ರಶ್ನೆ ಒಂದೇ: ಹಲಗೆಗೆ ರೂಪ ಕೊಡುವ ಕೂಲಿ ನ್ಯಾಶ್‌ವಿಲ್ಲಿಗೆ ಸೇರಬೇಕೋ, ಮರ ಕಡಿದ ನಾಡಿಗೋ?

2017ರ ಜನವರಿಯಿಂದ ಡಾಲ್ಬರ್ಜಿಯಾ ಕುಲದ ಎಲ್ಲ ಮರಗಳೂ ಅಂತರರಾಷ್ಟ್ರೀಯ ನಿಯಂತ್ರಣದ ಪಟ್ಟಿಗೆ ಸೇರಿದವು. ವಾದ್ಯಗಾರರು ಗಡಿ ದಾಟಲು ಪರದಾಡಿದ ಮೇಲೆ 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ. ಆದ್ದರಿಂದ ಬೆಂಗಳೂರಿನಿಂದ ಗಿಟಾರನ್ನೋ ವೀಣೆಯನ್ನೋ ತರುವವರು ಬೀಟೆಯ ವಿಷಯದಲ್ಲಿ ಹೆದರಬೇಕಿಲ್ಲ. ಆದರೆ ಮರದ ವಸ್ತು ಇದೆ ಎಂದು ಇಲ್ಲಿನ ಪ್ರಯಾಣಿಕರ ಕಾರ್ಡಿನಲ್ಲಿ ತಪ್ಪದೆ ಬರೆಯಿರಿ. ಜೀವಸುರಕ್ಷೆಯವರು ಹುಳು ಹುಡುಕುತ್ತಾರೆ, ರಾಗವನ್ನಲ್ಲ. ಹೊಸದು ಕೊಳ್ಳುವವರಿಗೆ ಮೆಲ್ಬರ್ನಿನ ಗೆಳೆಯರ ಪರವಾಗಿ ಒಂದು ಮಾತು. ಬಿಲ್ ಮೇ 1946ರಲ್ಲಿ ಅಲ್ಲಿ ಆರಂಭಿಸಿದ ಮೇಟನ್ ಕಂಪನಿ ಕ್ವೀನ್ಸ್‌ಲ್ಯಾಂಡ್ ಮೇಪಲ್, ಬ್ಲ್ಯಾಕ್‌ವುಡ್‌ನಂಥ ಈ ನೆಲದ ಮರಗಳಲ್ಲೇ ಗಿಟಾರ್ ಮಾಡಿ ಹೆಸರಾಯಿತು. ಕೋಲ್ ಕ್ಲಾರ್ಕ್ ಕಂಪನಿಯವರು ಬುನ್ಯಾ ಮರದಿಂದ ಮೇಲ್ಹಲಗೆ ಮಾಡುತ್ತಾರೆ. ಬೀಟೆ ಇಲ್ಲದೆ ನಾದವಿಲ್ಲ ಎಂಬುದು ಜಾಹೀರಾತಿನ ಶಾಸ್ತ್ರ. ಬುನ್ಯಾ ಕಾಯಿಯ ಸುಗ್ಗಿಗೆ ದೂರದೂರದ ಮೂಲನಿವಾಸಿಗಳು ಸಾವಿರಾರು ವರ್ಷ ಕೂಡುತ್ತಿದ್ದರು. ಆರಂಭದಲ್ಲಿ ನೆಲದ ಒಡೆಯರನ್ನು ನೆನೆದೆವಲ್ಲ, ಆ ನೆನಪು ಮರದ ತನಕವೂ ಹೋಗಬೇಕು.

ಈ ಹಲಗೆಯ ಆರೈಕೆ ಹೀಗೆ. ಬೀಟೆಗೆ ವರ್ಷಕ್ಕೆ ಒಂದೆರಡು ಸಲ ಒಂದಿಷ್ಟೇ ಎಣ್ಣೆ. ಸವರಿ, ಐದು ನಿಮಿಷ ಬಿಟ್ಟು ಪೂರ್ತಿ ಒರೆಸಿಬಿಡಿ. ತೆಂಗಿನೆಣ್ಣೆ ಬೇಡ, ಅದು ಕಮಟುತ್ತದೆ. ಮೆರುಗು ಬಳಿದ ಬಿಳಿ ಮೇಪಲ್ ಹಲಗೆಯಾದರೆ ಎಣ್ಣೆಯೇ ಬೇಡ. ನಮ್ಮ ಈ ಭಾಗ ಸಮುದ್ರದಿಂದ ದೂರ. ಬೇಸಿಗೆಯ ಒಣಗಾಳಿ, ಚಳಿಗಾಲದ ಹೀಟರ್ ಎರಡೂ ಮರದ ನೀರು ಹೀರುತ್ತವೆ. ಕೋಣೆಯ ತೇವಾಂಶ ನೂರಕ್ಕೆ 45ರಿಂದ 55ರೊಳಗಿದ್ದರೆ ವಾದ್ಯ ನೆಮ್ಮದಿಯಾಗಿರುತ್ತದೆ. ಹಲಗೆ ಕುಗ್ಗಿದಾಗ ಮೊದಲು ಅಂಚಿನಲ್ಲಿ ಲೋಹದ ಮೆಟ್ಟಿಲುಗಳ ತುದಿ ಬೆರಳಿಗೆ ಚುಚ್ಚುತ್ತದೆ. ಅದು ಮರದ ಬಾಯಾರಿಕೆ. ಪೆಟ್ಟಿಗೆಯೊಳಗೆ ಒದ್ದೆ ಸ್ಪಂಜನ್ನು ತೂತು ಮಾಡಿದ ಸೋಪಿನ ಡಬ್ಬಿಯಲ್ಲಿಟ್ಟರೆ ಸಾಕು. ಜನವರಿಯಲ್ಲಿ ಕಾರಿನೊಳಗೆ ಮಾತ್ರ ಗಿಟಾರ್ ಬಿಡಬೇಡಿ; ಮುಚ್ಚಿದ ಕಾರಿನ ಕಾವಿಗೆ ಅಂಟು ಮೆದುವಾಗಿ ಆ 70 ಕಿಲೋ ಎಳೆತಕ್ಕೆ ಕುದುರೆ ಶರಣಾಗುತ್ತದೆ. ಈ ಗಿಟಾರಿಗೆ ಆದದ್ದು ಅದೇ ಇರಬೇಕು. ನಾನು ಕುದುರೆಯನ್ನು ಕಾಯಿಸಿ ಎಬ್ಬಿಸಿ, ಹಳೆಯ ಅಂಟನ್ನು ಕೆರೆದು, ಹೊಸ ಅಂಟು ಹಾಕಿ, ಒಂದು ಹಗಲು ಒಂದು ರಾತ್ರಿ ಕ್ಲಾಂಪಿನಲ್ಲಿ ಬಿಗಿದಿಟ್ಟೆ. ಅಂಟಿಸುವ ಕೆಲಸಕ್ಕಿಂತ ಕೆರೆಯುವ ಕೆಲಸವೇ ದೊಡ್ಡದು.

ಇನ್ನು ಸ್ವರಕ್ಕೆ ಬರುತ್ತೇನೆ. ಮೆಟ್ಟಿಲುಗಳ ನಡುವಿನ ಅಂತರ ಏಕೆ ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ? ತಂತಿಯ ಉದ್ದವನ್ನು 17.817ರಿಂದ ಭಾಗಿಸಿ, ಬಂದಷ್ಟು ದೂರಕ್ಕೆ ಮೊದಲ ಮೆಟ್ಟಿಲು. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸಿ ಎರಡನೆಯದು. ಹೀಗೆ ಹನ್ನೆರಡು ಸಲ ಮಾಡಿದರೆ ತಂತಿ ಸರಿಯಾಗಿ ಅರ್ಧವಾಗುತ್ತದೆ, ಸ್ವರ ಮೇಲಿನ ಷಡ್ಜವನ್ನು ಮುಟ್ಟುತ್ತದೆ. ಗೆಲಿಲಿಯೋನ ತಂದೆ ವಿನ್ಚೆಂಜೊ ಗೆಲಿಲಿ 1581ರಲ್ಲಿ 18ರಿಂದ ಭಾಗಿಸಿ ಎಂದು ಸುಲಭ ಸೂತ್ರ ಬರೆದ. ಚೀನಾದ ಮಿಂಗ್ ರಾಜಕುಮಾರ ಝು ಜೈಯು 1584ರಲ್ಲಿ ನಿಖರ ಲೆಕ್ಕವನ್ನೇ ಮಾಡಿದ. ಅದಕ್ಕೂ ಮೊದಲು, 1550ರಲ್ಲಿ, ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ 'ಸ್ವರಮೇಳಕಲಾನಿಧಿ'ಯಲ್ಲಿ ವೀಣೆಯ ಮೆಟ್ಟಿಲುಗಳನ್ನು ಹೇಗೆ ಕೂಡಿಸಬೇಕೆಂದು ಚರ್ಚಿಸಿದ್ದ. 'ನೋಡಿ, ಎಲ್ಲ ನಮ್ಮಲ್ಲೇ ಮೊದಲು' ಎಂದು ವಾಟ್ಸಾಪಿನಲ್ಲಿ ಹಾಕಬೇಡಿ. ಒಂದೇ ತೊಡಕನ್ನು ಮೂರು ನಾಡಿನವರು ಮೂರು ರೀತಿಯಲ್ಲಿ ಬಿಡಿಸಲು ಹೆಣಗಿದರು ಎಂಬುದೇ ಹೆಚ್ಚು ಸಂತೋಷದ ಸಂಗತಿ.

ಆ ತೊಡಕನ್ನು ಈಗ ಕಿವಿಯಲ್ಲೇ ಕೇಳೋಣ. ಈ ಎ ತಂತಿಯನ್ನು ಷಡ್ಜ ಎಂದುಕೊಳ್ಳಿ. ನಾಲ್ಕನೆಯ ಮೆಟ್ಟಿಲು ಒತ್ತಿ ಮೀಟುತ್ತೇನೆ: ಅಂತರ ಗಾಂಧಾರ. ಈಗ ಅದೇ ಮೆಟ್ಟಿಲಿನಿಂದ ಬಿರಡೆಯ ಕಡೆಗೆ ಸುಮಾರು 4 ಮಿಲಿಮೀಟರ್ ಸರಿದು, ತಂತಿಯ ಐದನೆಯ ಒಂದು ಭಾಗದಲ್ಲಿ, ಬೆರಳನ್ನು ಒತ್ತದೆ ಬರೀ ತಾಗಿಸಿ ಮೀಟುತ್ತೇನೆ. ಗಂಟೆಯಂಥ ಸ್ವರ ಬಂತಲ್ಲ? ಅದೂ ಗಾಂಧಾರವೇ, ಎರಡು ಸ್ಥಾಯಿ ಮೇಲಿನದು. ತಂಬೂರಿಯನ್ನು ಮೀಟಿದಾಗ ಯಾರೂ ನುಡಿಸದೆ ತಾನಾಗಿ ಕೇಳುವ ಸ್ವಯಂಭೂ ಗಾಂಧಾರ ಇದೇ. ಮೆಟ್ಟಿಲಿನ ಗಾಂಧಾರ ಇದಕ್ಕಿಂತ ತುಸು ಏರಿದೆ: ಅರ್ಧಸ್ವರವನ್ನು ನೂರು ಪಾಲು ಮಾಡಿದರೆ 14 ಪಾಲಿನಷ್ಟು. ಇನ್ನೊಮ್ಮೆ ಕೇಳಿ. ಸಂಗೀತ ಕಲಿತ ಇಬ್ಬರು ಮುಖ ಕಿವುಚಿದ್ದು ನನಗೆ ಕಾಣಿಸಿತು.

ಇದು ದೋಷವಲ್ಲ, ಒಪ್ಪಂದ. ಹನ್ನೆರಡು ಮೆಟ್ಟಿಲಿಗೂ ಸಮಪಾಲು ಹಂಚಿದ್ದರಿಂದ ಯಾವ ಸ್ವರದಿಂದ ಬೇಕಾದರೂ ಷಡ್ಜ ಹಿಡಿಯಬಹುದು, ಆರು ತಂತಿಗಳನ್ನು ಒಟ್ಟಿಗೆ ಮೀಟಿ ಕಾರ್ಡ್ ಹಿಡಿಯಬಹುದು. ಅದಕ್ಕೆ ತೆತ್ತ ಬೆಲೆ ಎಂದರೆ ಪಂಚಮ ಕೂದಲೆಳೆಯಷ್ಟು ಇಳಿದಿದೆ, ಗಾಂಧಾರ ಇಷ್ಟು ಏರಿದೆ. ಯಾವುದೂ ಪೂರ್ತಿ ಶುದ್ಧವಿಲ್ಲ. ವೀಣೆಯಲ್ಲಿ ಮೆಟ್ಟಿಲುಗಳನ್ನು ಜೇನುಮೇಣ ಮತ್ತು ಮಸಿಯ ಮಿಶ್ರಣದ ಮೇಲೆ ಕೂರಿಸುತ್ತಾರೆ. ಕೆಲವು ವರ್ಷಕ್ಕೊಮ್ಮೆ ಮೇಣ ಕರಗಿಸಿ, ಕಿವಿಯಿಂದಲೇ ಅಳೆದು, ಹೊಸದಾಗಿ ಮೇಳ ಕಟ್ಟುತ್ತಾರೆ. ಗಿಟಾರಿನಲ್ಲಿ ಲೋಹವನ್ನು ಬೀಟೆಯೊಳಗೆ ಬಡಿದು ಕೂರಿಸಲಾಗಿದೆ, ಸರಿಸುವಂತಿಲ್ಲ. ನಾವು ಸರಿಪಡಿಸಬಹುದಾದದ್ದು ಒಂದೇ. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಾಗಿಸಿದ ಸ್ವರ, ಅಲ್ಲೇ ಒತ್ತಿದ ಸ್ವರ ಎರಡನ್ನೂ ಹೋಲಿಸಿ. ಒತ್ತಿದ್ದು ಏರಿದ್ದರೆ ತಂತಿ ಗಿಡ್ಡವಾಗಿದೆ. ಕುದುರೆಯ ಮೂಳೆಯ ಅಂಚನ್ನು ಹಿಂದಕ್ಕೆ ಸರಿಸಬೇಕು. ಇಳಿದಿದ್ದರೆ ಮುಂದಕ್ಕೆ. ಎಷ್ಟೋ ಸಲ ಹಳೆಯ ತಂತಿಯೇ ಕಾರಣವಾಗಿರುತ್ತದೆ. ಮೊದಲು ತಂತಿ ಬದಲಿಸಿ, ಆಮೇಲೆ ದೂರು ಕೊಡಿ.

ಮಕ್ಕಳಿಗೆ ಕರ್ನಾಟಕ ಸಂಗೀತವೋ ಗಿಟಾರೋ ಎಂದು ನಮ್ಮ ಮನೆಗಳಲ್ಲಿ ನಡೆಯುವ ಜಗಳಕ್ಕೆ ಒಂದು ಸಣ್ಣ ಔಷಧ ಇದೆ. ಹುಡುಗರು ಯೂಟ್ಯೂಬ್ ನೋಡಿ ಕಲಿಯುವ ಮೊದಲ ಐದು ಸ್ವರಗಳ ಪೆಂಟಾಟೋನಿಕ್ ಚೌಕ ಇದೆಯಲ್ಲ, ಅದರ ಮೇಜರ್ ರೂಪ ಮೋಹನ: ಸ ರಿ ಗ ಪ ದ. ಅದೇ ಐದು ಸ್ವರಗಳನ್ನು ಇಟ್ಟುಕೊಂಡು ರಿಷಭವನ್ನು ಷಡ್ಜ ಮಾಡಿದರೆ ಮಧ್ಯಮಾವತಿ, ಗಾಂಧಾರದಿಂದ ಹಿಂದೋಳ, ಪಂಚಮದಿಂದ ಶುದ್ಧ ಸಾವೇರಿ, ಧೈವತದಿಂದ ಶುದ್ಧ ಧನ್ಯಾಸಿ. ಕೊನೆಯದೇ ಬ್ಲೂಸ್ ನುಡಿಸುವವರ ಮೈನರ್ ಪೆಂಟಾಟೋನಿಕ್. ಗ್ರಹಭೇದ ಎಂದು ಅಜ್ಜಿ ಹೇಳಿಕೊಟ್ಟದ್ದನ್ನೇ ಮೊಮ್ಮಗ 'ಮೋಡ್ಸ್' ಎನ್ನುತ್ತಿದ್ದಾನೆ. ಏಳು ಸ್ವರಕ್ಕೆ ಹೋದರೆ ಮೇಜರ್ ಸ್ಕೇಲ್ ಶಂಕರಾಭರಣ, ಡೋರಿಯನ್ ಖರಹರಪ್ರಿಯ, ಲಿಡಿಯನ್ ಕಲ್ಯಾಣಿ, ಹಾರ್ಮೋನಿಕ್ ಮೈನರ್ ಕೀರವಾಣಿ. ಮೋಹನದ ಹಾಡಿಗೆ ಸಿ ಮೇಜರ್, ಎ ಮೈನರ್ ಎರಡೇ ಕಾರ್ಡ್ ಹಿಡಿದು ನೋಡಿ. ಎರಡರ ಸ್ವರಗಳೂ ರಾಗದ ಒಳಗೇ ಇವೆ. ಎಫ್ ಹಿಡಿದ ಕೂಡಲೇ ರಾಗಕ್ಕೆ ಸಲ್ಲದ ಮಧ್ಯಮ ನುಸುಳುತ್ತದೆ. ನಮ್ಮ ಸುಗಮ ಸಂಗೀತದ ಕಾರ್ಯಕ್ರಮಗಳಲ್ಲಿ ಗಿಟಾರಿನವರು ಅಭ್ಯಾಸಬಲದಿಂದ ಹಿಡಿಯುವ ಕಾರ್ಡುಗಳು ರಾಗವನ್ನು ಮಂಕು ಮಾಡುವುದು ಹೀಗೆಯೇ, ತಪ್ಪು ವಾದ್ಯದ್ದಲ್ಲ.

ಆದರೆ ಹೆಸರು ಹೊಂದಿತೆಂದು ರಾಗ ಬಂದುಬಿಡುವುದಿಲ್ಲ. ಸ್ವರಗಳ ನಡುವಿನ ದಾರಿ ಇಲ್ಲದೆ ರಾಗವಿಲ್ಲ, ಮೆಟ್ಟಿಲು ಇರುವುದೇ ಆ ದಾರಿಯನ್ನು ಕತ್ತರಿಸುವುದಕ್ಕೆ. ಮೆಟ್ಟಿಲನ್ನೇ ದಾಟಿಹೋದವರಿದ್ದಾರೆ. ಬ್ರಿಜ್‌ಭೂಷಣ್ ಕಾಬ್ರಾ 1967ರ 'ಕಾಲ್ ಆಫ್ ದಿ ವ್ಯಾಲಿ' ಧ್ವನಿಮುದ್ರಿಕೆಯಲ್ಲಿ ಉಕ್ಕಿನ ಸರಳನ್ನು ತಂತಿಯ ಮೇಲೆ ಜಾರಿಸಿ ನುಡಿಸಿದರು. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅದೇ ಹಾದಿಯಲ್ಲಿ ಹಿಂದೂಸ್ತಾನಿ ಗಿಟಾರ್ ನುಡಿಸುತ್ತಾರೆ. ಮನೆಯಲ್ಲಿ ಕೆಟ್ಟು ಬಿದ್ದ, ದಂಡಿ ಬಾಗಿ ತಂತಿ ಮೇಲೆದ್ದ ಗಿಟಾರ್ ಇದ್ದರೆ ಎಸೆಯಬೇಡಿ. ಒತ್ತಿ ನುಡಿಸಲು ಅದು ಬಾರದು. ಜಾರಿಸಿ ನುಡಿಸಲು ತಂತಿ ಎತ್ತರದಲ್ಲಿರುವುದೇ ಬೇಕು. ಮೇಲಿನ ನಟ್ಟಿಗೂ ಒಂದು ಎತ್ತರದ ತುಂಡು ಹಾಕಿ, ಮಡಿಲಲ್ಲಿ ಮಲಗಿಸಿಕೊಂಡು ನುಡಿಸಬಹುದು.

ಹೊಸ ತಂತಿ ಹಾಕಿಯಾಯಿತು. ಬಿರಡೆಗೆ ಎರಡು ಮೂರು ಸುತ್ತು ಸಾಕು, ಸುತ್ತುಗಳು ಕೆಳಮುಖವಾಗಿ ಇಳಿಯಲಿ. ನಟ್ಟಿನ ಗಾಡಿಯಲ್ಲಿ ಸೀಸದ ಕಡ್ಡಿಯ ಪುಡಿ ಸವರಿದ್ದೇನೆ, ಇನ್ನು ತಂತಿ ಅಲ್ಲಿ ಸಿಕ್ಕಿಕೊಂಡು ಟಿಕ್ ಎನ್ನುವುದಿಲ್ಲ. ಇ, ಎ, ಡಿ, ಜಿ, ಬಿ, ಇ. ಹೊಸ ತಂತಿ ಎಳೆದುಕೊಳ್ಳುವುದರಿಂದ ಸಂಜೆಯೊಳಗೆ ಮೂರು ಸಲವಾದರೂ ಶ್ರುತಿ ಇಳಿಯುತ್ತದೆ; ಮತ್ತೆ ಏರಿಸಿದರಾಯಿತು. ಮುಂದಿನ ತಿಂಗಳು ಬರುವಾಗ ನಿಮ್ಮ ಗ್ಯಾರೇಜಿನಲ್ಲಿರುವ ಗಿಟಾರುಗಳನ್ನು ತನ್ನಿ, ತಂತಿಯ ಒಂದು ಪೊಟ್ಟಣವನ್ನೂ ತನ್ನಿ. ಟ್ರಸ್ ರಾಡನ್ನು ಮಾತ್ರ ಮನೆಯಲ್ಲಿ ಮುಟ್ಟಿ ಬರಬೇಡಿ. ಈ ಗಿಟಾರ್ ಬೇಕಾದವರು ಇವತ್ತೇ ತೆಗೆದುಕೊಂಡು ಹೋಗಬಹುದು. ಅದಕ್ಕೂ ಮೊದಲು ಹಿಂದಿನ ಸಾಲಿನಲ್ಲಿ ಒಬ್ಬಳು ಹುಡುಗಿ ಆಗಿನಿಂದ ಬೆರಳು ಆಡಿಸುತ್ತ ಕುಳಿತಿದ್ದಾಳೆ. ಬಾಮ್ಮ, ಇಲ್ಲಿ ಕೂತುಕೊ. ಎತ್ತರ 2 ಮಿಲಿಮೀಟರ್ ಇದೆ, ಬೆರಳು ನೋಯುವುದಿಲ್ಲ.